ದೋಣಿಗೆ ಹೊದಿಕೆ ಹುಡುಕಿದ ಆಷಾಢ

ದೋಣಿಗೆ ಒಂದು ಹೊದಿಕೆ ಬೇಕು ಅಂತ ನನಗೆ ಅನಿಸಿದ್ದು ಸೊಂಟ ನೋಯಲು ಶುರುವಾದ ಮೇಲೆ. ಅದಕ್ಕೆ ಮೊದಲು ಇಪ್ಪತ್ತು ಮಳೆಗಾಲ ಹೊದಿಕೆ ಇಲ್ಲದೆಯೇ ಕಳೆದಿದ್ದೆ.

ನಾನು ಮೂರನೇ ಇಯತ್ತೆವರೆಗೆ ಉರ್ದುವಿನಲ್ಲಿ ಓದಿದವ. ಕನ್ನಡದ ಅಕ್ಷರಗಳನ್ನು ನಮ್ಮೂರ ಮಠದ ಅಯ್ಯನವರು ಉಸುಕಿನ ಮೇಲೆ ಬೆರಳಾಡಿಸಿ ಕಲಿಸಿದ್ದು. ತಪ್ಪು ಕಂಡರೆ ತಿದ್ದಿಕೊಂಡು ಓದಬೇಕು. ಈಗ ಬರೆಯಲು ಕುಳಿತರೆ ಮೊಮ್ಮಗಳು ಬಂದು ಮಸಿಯ ದೌತಿಯಲ್ಲಿ ಬೆರಳದ್ದಿ ನನ್ನ ಧೋತರಕ್ಕೆ ಒರೆಸಿ ಓಡುತ್ತಾಳೆ. ನಾಲ್ಕು ವರ್ಷದವಳು, ಬಾಯಿ ನಲವತ್ತರದ್ದು. ನಿನ್ನೆ ನನ್ನ ಹಲ್ಲು ಎಣಿಸಿ, ಉಳಿದವು ಎಲ್ಲಿಟ್ಟೀಯೋ ಮುತ್ಯಾ ಅಂತ ಕೇಳಿದಳು. ಅವಳ ಮಾತೇ ಬರೆಯುತ್ತ ಹೋದರೆ ಈ ವಹಿ ಸಾಲದು. ಅವಳು ನಮ್ಮ ಮನೆಗೆ ಬಂದ ಕತೆಯನ್ನಷ್ಟೇ ಬರೆಯುತ್ತೇನೆ. ಆ ಕತೆಯಲ್ಲಿ ಅವಳಿಗಿಂತ ಹೊದಿಕೆಯ ಮಾತೇ ಹೆಚ್ಚು.

ನಮ್ಮ ಹಳ್ಳಿ ಚಿತ್ತಾಪುರದಿಂದ ಎರಡು ಹರದಾರಿ, ಕಾಗಿಣಾ ಹೊಳೆಯ ದಂಡೆಯ ಮೇಲೆ. ಆಚೆ ದಂಡೆಗೆ ಇಳಿದರೆ ತೆಂಗಳಿಯ ದಾರಿ. ಮಳೆಗಾಲ ಮುಗಿಯುವ ತನಕ ಮಂದಿಯನ್ನು ದಾಟಿಸುವುದು ನನ್ನ ಕೆಲಸ. ಬೇಸಿಗೆಯಲ್ಲಿ ಹೊಳೆ ಮೊಣಕಾಲಿಗೆ ಇಳಿದರೆ ಶಹಾಬಾದಿನ ಕಲ್ಲಿನ ಖಣಿಗೆ ಹೋಗಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊರುತ್ತಿದ್ದೆ. ನಿಜಾಮರ ಆಳಿಕೆ ಹೋಗಿ ನಾಲ್ಕು ಮಳೆಗಾಲ ಆಗಿದ್ದವು. ಸಂತೆಯಲ್ಲಿ ಇನ್ನೂ ಅವರ ಕಾಲದ ಹಾಲಿ ರೂಪಾಯಿಯೇ ನಡೆಯುತ್ತಿತ್ತು.

ದೋಣಿ ಸಣ್ಣದು, ಎಂಟು ಮಂದಿಯದು. ಹಿಂದೆ ಮುಂದೆ ಹಲಗೆ ಬಡಿದು ಮುಚ್ಚಿತ್ತು. ನಡುವೆ ಮಂದಿ ಕುಳಿತುಕೊಳ್ಳುವ ಗುಳಿ. ರಾತ್ರಿ ಮಳೆ ಬಿದ್ದರೆ ಬೆಳಗಾಗುವಷ್ಟರಲ್ಲಿ ಆ ಗುಳಿ ತುಂಬಿರುತ್ತಿತ್ತು. ಚಿಮಣಿ ಎಣ್ಣೆಯ ಡಬ್ಬಿಯ ಬಾಯಿ ಕತ್ತರಿಸಿ ಇಟ್ಟುಕೊಂಡಿದ್ದೆ. ಅದರಿಂದ ಬಗ್ಗಿ ನೀರು ಗೋರಿ ಚೆಲ್ಲುವುದು, ಮತ್ತೆ ಬಗ್ಗುವುದು. ಮೊದಲ ಗಿರಾಕಿ ಬರುವ ಹೊತ್ತಿಗೆ ದಿನದ ಅರ್ಧ ಶಕ್ತಿ ಹೊಳೆಗೆ ಹೋಗಿರುತ್ತಿತ್ತು. ಎಷ್ಟು ಗೋರಿದರೂ ತಳದಲ್ಲಿ ನಾಲ್ಕು ಬೆರಳು ನೀರು ಉಳಿಯುತ್ತಿತ್ತು. ಮಂದಿ ಚಪ್ಪಲಿ ಕೈಯಲ್ಲಿ ಹಿಡಿದು ಕುಳಿತುಕೊಳ್ಳುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ.

ಅಂದವರು ನಮ್ಮ ಬೀಗತಿ, ಸೊಸೆಯ ತಾಯಿ. ಸೊಸೆ ಚೊಚ್ಚಲ ಬಾಣಂತನಕ್ಕೆ ತೆಂಗಳಿಗೆ ಹೋಗಿದ್ದಳು. ಚೈತ್ರದಲ್ಲಿ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕಲು ನಮ್ಮ ಮನೆಯ ಹೆಂಗಸರು ಹೋಗಿ ಬಂದರು. ನಾನು ಖಣಿಯಲ್ಲಿದ್ದೆ. ಕರೆಯದೆ ಬೀಗರ ಮನೆಗೆ ಗಂಡಸರು ಹೋಗುವ ರೂಢಿ ನಮ್ಮಲ್ಲಿಲ್ಲ. ಕೂಸು ಹೇಗಿದೆ ಅಂತ ಹೆಂಡತಿಯನ್ನು ಎಷ್ಟು ಸಲ ಕೇಳಿದೆನೋ. ಕೂಸಿನ ಹಂಗ ಅದ ಅನ್ನುತ್ತಿದ್ದಳು.

ಆಷಾಢದ ಮೊದಲ ವಾರ ಬೀಗತಿ ಚಿತ್ತಾಪುರದ ಸಂತೆಗೆ ಅಂತ ಹೊಳೆ ದಾಟಿದರು. ಗುಳಿಯಲ್ಲಿ ಕಾಲಿಟ್ಟವರು ಹಾಗೇ ನಿಂತರು.

"ಬೀಗ್ರೆ, ಇದು ದೋಣಿನೋ ಬಾವಿನೋ?"

"ಮಳಿ ಬಂದದಲ್ರಿ ಬೀಗತ್ಯಾರೆ. ತುಸು ನೀರು ನಿಂತದ."

"ತುಸು? ನನ್ನ ಕಾಲುಂಗುರ ನನಗ ಕಾಣವಲ್ದು. ನನ್ನ ಮಗಳಿಗಿ, ಮೊಮ್ಮಗಳಿಗಿ ಈ ಹಸ್ಯಾಗ ಕುಂದ್ರಸಂಗಿಲ್ಲ ನಾ. ಹೊಳಿ ಇಳೀಲಿ, ಆಗ ಕಳಸ್ತೀನಿ."

"ಹೊಳಿ ಇಳ್ಯಾದು ಇನ್ನಾ ಭಾಳ ದಿನ ಅದರಿ."

"ಇರ್ಲಿ ಬಿಡ್ರಿ. ಅಷ್ಟರಾಗ ಕೂಸು ತಾನೇ ನಡಕೋತ ಬರ್ತದ ನಿಮ್ಮ ಮನೀಗಿ."

ದೋಣಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಲೆಕ್ಕ ಹಾಕಿದಾಗ ನಗು ಹೋಯಿತು. ನಮ್ಮಲ್ಲಿ ಕೂಸನ್ನು ಬೆಸ ತಿಂಗಳಲ್ಲೇ ತಂದೆಯ ಮನೆಗೆ ಕಳಿಸುವುದು. ಐದನೆಯದು ಶ್ರಾವಣಕ್ಕೆ ಬರುತ್ತಿತ್ತು. ಅದು ತಪ್ಪಿದರೆ ಆರು ಸರಿ ತಿಂಗಳು, ಸಾಲದ್ದಕ್ಕೆ ಹಿರಿಯರ ಪಕ್ಷ. ಏಳಕ್ಕೆ ಹಬ್ಬ, ಮತ್ತೇನೋ ನೆವ. ನನ್ನ ಮೊಮ್ಮಗಳ ಮುಖ ನೋಡಲು ನಾನು ಚಳಿಗಾಲದವರೆಗೆ ಕಾಯಬೇಕಿತ್ತು.

ಮನೆಗೆ ಬಂದು ಹೆಂಡತಿಯ ಮುಂದೆ ಗೊಣಗಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಆಕಿ ಅಂದಿದ್ದರಾಗ ತಪ್ಪೇನದ? ನಾನರ ಬಾಣಂತಿಗಿ ಆ ನೀರಾಗ ಕುಂದ್ರಸ್ತಿದ್ನೇನು? ಮ್ಯಾಲೊಂದು ಏನರ ಮುಚ್ರಿ."

ಏನು ಮುಚ್ಚುವುದು ಅಂತ ನೋಡಲು ನಾನು ಊರೂರು ತಿರುಗಿದೆ. ಆ ದಿನಗಳಲ್ಲಿ ದೋಣಿಯನ್ನು ತಮ್ಮನ ಕೈಗೆ ಕೊಡುತ್ತಿದ್ದೆ. ರೈಲಿನಲ್ಲಿ ಸುಖವಾಗಿ ಕುಳಿತು ಹೋದದ್ದು ಎರಡೇ ಸಲ, ಉಳಿದದ್ದೆಲ್ಲ ಕಾಲ್ನಡಿಗೆ. ಎರೆಮಣ್ಣಿನ ದಾರಿ, ಒಂದೊಂದು ಹೆಜ್ಜೆಗೂ ಕಾಲಿಗೆ ಸೇರು ಕೆಸರು.

ಸೇಡಂನ ಅಂಗಡಿಯಲ್ಲಿ ಲಾರಿಗೆ ಹೊದಿಸುವ ಹೊಸ ತಾಡಪತ್ರಿ ಇತ್ತು. ಹಸಿರು ಬಣ್ಣ, ಅಂಚಿಗೆ ಹಿತ್ತಾಳೆಯ ಕಣ್ಣು. ಕೈಯಾಡಿಸಿದರೆ ಬಿಡಲು ಮನಸ್ಸಾಗದು. ಅಂಗಡಿಯವರು ಕೇಳಿದರು, "ಲಾರಿ ಎಷ್ಟವರಿ ನಿಮ್ಮವು?"

"ಲಾರಿ ಇಲ್ರಿ ಸಾಹುಕಾರ್ರ, ದೋಣಿ ಅದ."

ಅವರು ಬಿಚ್ಚಿದ್ದನ್ನು ಹಾಗೇ ಮಡಚತೊಡಗಿದರು. ಬೆಲೆ ಕೇಳುವ ಮೊದಲೇ ನನಗೆ ಉತ್ತರ ಸಿಕ್ಕಿತ್ತು. ಅಲ್ಲೇ ಸಂತೆಯಲ್ಲಿ ಚಿಂಚೋಳಿ ಕಡೆಯ ಮೇದಾರರು ಬಿದಿರಿನ ತಟ್ಟಿ ಮಾರುತ್ತಿದ್ದರು. ಅಗ್ಗ. ಆದರೆ ಎತ್ತಿ ಹಿಡಿದು ನೋಡಿದರೆ ಸಂದಿಯಲ್ಲಿ ಮೇದಾರನ ಮುಖ ಪೂರಾ ಕಾಣುತ್ತಿತ್ತು.

ಭಂಕೂರದಲ್ಲಿ ಕಲ್ಲು ಕಡಿಯುವವರು ಸಿಮೆಂಟಿನ ಖಾಲಿ ಗೋಣಿ ಹೊಲಿದು ಮಳೆಗೆ ಹೊದ್ದುಕೊಳ್ಳುತ್ತಿದ್ದರು. ಅದು ಬಿಟ್ಟಿಯಾಗಿಯೇ ಸಿಗುತ್ತಿತ್ತು. ಆದರೆ ಗೋಣಿಯಲ್ಲಿ ಉಳಿದ ಪುಡಿ ನೀರು ಕುಡಿದು ಗಟ್ಟಿಯಾಗಿ, ಗೋಣಿ ಒಣಗಿದ ಖಡಕ್ ರೊಟ್ಟಿಯ ಹಾಗೆ ನಿಂತಿರುತ್ತಿತ್ತು. ಮಡಚಲು ಹೋದರೆ ಮುರಿಯುತ್ತಿತ್ತು. ಅದೂ ಬೇಡವಾಯಿತು.

ಕಡೆಗೆ ವಾಡಿ. ಅಲ್ಲಿ ಸ್ಟೇಷನ್ನಿನ ಹಿಂದೆ ಒಬ್ಬರು ಮುಸಲ್ಮಾನ ವ್ಯಾಪಾರಿ ರೈಲ್ವೆ ಹರಾಜಿನಲ್ಲಿ ಹಿಡಿದ ಹಳೇ ಸಾಮಾನು ಇಟ್ಟಿದ್ದರು. ಗೂಡ್ಸ್ ಡಬ್ಬಿಗೆ ಹೊದಿಸುವ ಡಾಂಬರು ಬಟ್ಟೆಯ ಒಂದು ತುಂಡು, ಆರು ಕಡೆ ತೇಪೆ.

"ಇದು ದಿಲ್ಲಿ ಮಳಿ ನೋಡ್ಯದ, ಮದ್ರಾಸ್ ಮಳಿ ನೋಡ್ಯದ ಕಾಕಾ. ನಿಮ್ಮ ಕಾಗಿಣಾ ಏನ್ ಲೆಕ್ಕ ಇದಕ್ಕ?"

"ಅಷ್ಟೆಲ್ಲಾ ನೋಡಿ ಸಾಕಾಗ್ಯದೋ ಏನೋ, ಭಾಯಿ. ನನಗೂ ಸಾಕಾಗ್ಯದ."

"ಹಂಗಾದ್ರ ಇಬ್ಬರಿಗೂ ಜೋಡಿ ಛಲೋ ಆತು. ತೊಗೊಂಡ್ ಹೋಗ್ರಿ."

ಹೊಸದರ ಕಾಲುಪಾಲು ಬೆಲೆಗೆ ಕೊಟ್ಟರು. ನೀರು ಸುರಿದು ತೋರಿಸಿದರು, ಒಂದು ಹನಿ ಇಳಿಯಲಿಲ್ಲ. ಆ ಭಾರವನ್ನು ತಲೆಯ ಮೇಲೆ ಹೊತ್ತು ಪ್ಯಾಸೆಂಜರ್ ಗಾಡಿ ಹಿಡಿದೆ. ಚಿತ್ತಾಪುರದಲ್ಲಿ ಇಳಿದು ಎರಡು ಹರದಾರಿ ನಡೆದೆ. ಡಾಂಬರು ರುಮಾಲಿಗೆ ಅಂಟಿ, ರುಮಾಲು ಕೂದಲಿಗೆ ಅಂಟಿ, ಮನೆಯಲ್ಲಿ ಇಳಿಸುವಾಗ ಮೂರೂ ಒಟ್ಟಿಗೆ ಬಂದವು.

"ಎಮ್ಮಿ ಚರ್ಮ ಸುಲಕೊಂಡು ಬಂದೀರೇನು?" ಅಂದಳು ಹೆಂಡತಿ. ಆಮೇಲೆ ಹರಳೆಣ್ಣೆ ತಂದು ತಲೆ ತಿಕ್ಕಿದಳು.

ಮರುದಿನ ಹೊದಿಕೆ ಹಾಕಿದೆ. ನಮ್ಮ ಕಡೆ ಮನೆಗಳೆಲ್ಲ ಮಾಳಿಗೆಯವು, ಮೇಲೆ ಸಪಾಟು. ಮುಚ್ಚುವುದು ಅಂದರೆ ಸಪಾಟಾಗಿ ಹಾಸಿ ಅಂಚಿಗೆ ಫರಸಿ ಕಲ್ಲು ಹೇರುವುದು. ಜೋಳದ ಕಣಿಕೆಯ ಬಣಿವೆಗೂ ಕಲ್ಲೇ, ತಗಡಿಗೂ ಕಲ್ಲೇ. ನಾನೂ ಅದನ್ನೇ ಮಾಡಿದೆ. ಗುಳಿಯ ಮೇಲೆ ಬಟ್ಟೆ ಬಿಗಿಯಾಗಿ ಎಳೆದು ಸುತ್ತಲೂ ಹಲಗೆಯ ಮೇಲೆ ಎಂಟು ಫರಸಿ ಇಟ್ಟೆ. ಎರಡು ದಿನ ತುಂತುರು ಬಂತು. ಗುಳಿ ಒಣಗಿಯೇ ಇತ್ತು. ಶ್ರಾವಣದ ಎರಡನೇ ಸೋಮವಾರ ಕಳಿಸಿಕೊಡಿ ಅಂತ ತೆಂಗಳಿಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದೆ. ದೋಣಿ ನೋಡಿಯೇ ಕಳಿಸುತ್ತೇನೆ ಅಂತ ಬೀಗತಿಯ ಜವಾಬು ಬಂತು.

ಮೂರನೇ ದಿನ ಜೋರು ಮಳೆ. ಬೆಳಗ್ಗೆ ಹೋಗಿ ನೋಡಿದರೆ ಹೊದಿಕೆಯ ನಡುವೆ ಒಂದು ಕೆರೆ ನಿಂತು ಜೋತುಬಿದ್ದಿತ್ತು. ನಾನು ಹತ್ತಿರ ಹೋಗುವಷ್ಟರಲ್ಲೇ ಆ ಭಾರಕ್ಕೆ ಒಂದು ಬದಿಯ ಅಂಚು ಸರಿಯಿತು, ಅದರ ಜೊತೆ ಎರಡು ಫರಸಿ ಗುಳಿಯೊಳಗೆ ಬಿದ್ದವು, ಮೇಲೆ ಕೆರೆಯೂ ಬಿತ್ತು. ತಳದ ಹಲಗೆ ಒಂದು ಗೇಣು ಸೀಳಿತು. ಇಪ್ಪತ್ತು ಮಳೆಗಾಲದಲ್ಲಿ ಆಗದ್ದು ಹೊದಿಕೆ ಹಾಕಿದ ಮೂರನೇ ದಿನಕ್ಕೆ ಆಯಿತು.

ದೋಣಿಯನ್ನು ದಂಡೆಗೆ ಎಳೆದು ಅದರ ಪಕ್ಕ ಕೆಸರಿನಲ್ಲೇ ಕುಳಿತೆ. ಎದ್ದು ಏನಾದರೂ ಮಾಡಬೇಕು ಅಂತ ಗೊತ್ತಿತ್ತು, ಮೈ ಏಳಲಿಲ್ಲ. ಸೋಮವಾರಕ್ಕೆ ಎಂಟು ದಿನ ಉಳಿದಿತ್ತು. ಆಚೆ ಹೋಗುವವರನ್ನು ದಂಡೆಗೆ ಕರೆತಂದಿದ್ದ ನಮ್ಮೂರ ಗಾಡಿಯವನು ಎತ್ತು ಬಿಚ್ಚಿ ನನ್ನ ಹತ್ತಿರ ಬಂದು ನಿಂತ. ಅವನದು ಹೆಂಗಸರನ್ನು ಒಯ್ಯುವ ಸವಾರಿ ಗಾಡಿ, ಬಿದಿರು ಬಗ್ಗಿಸಿದ ಕಮಾನಿನ ಮೇಲೆ ಬಟ್ಟೆ ಹೊದಿಸಿದ್ದು.

"ಮಾಮಾ, ದೋಣಿಗಿ ಮಾಳಗಿ ಹಾಕೀರಿ?"

"ಹಾಕಿದ್ದೆಪ್ಪಾ. ಬಿತ್ತು."

"ಮಾಳಗಿಗಿ ನೀರು ಹೋಗ್ಲಿಕ್ಕ ದಾರಿ ಇಟ್ಟಿರ್ತಾರ. ಇದಕ್ಕ ಎಲ್ಲಿ ಇಟ್ಟೀರಿ?"

ಅವನು ತನ್ನ ಗಾಡಿಯ ಕಡೆ ಕೈ ಮಾಡಿದ. "ನಂದು ನೋಡ್ರಿ. ಆ ಕಡಿ ಈ ಕಡಿ ಇಳದ್ ಹೋಗ್ತದ. ಕಲ್ಲೇ ಬೇಕಾಗಂಗಿಲ್ಲ. ಇಷ್ಟು ವರ್ಷ ನನ್ನ ಗಾಡಿ ದೋಣಿ ಮುಂದೇ ನಿಲ್ತದಲ್ಲ, ಒಂದಿನಾನೂ ನೋಡಿಲ್ಲೇನ್ರಿ?"

ನೋಡಿದ್ದೆ. ಗಾಡಿ ಅಂತ ನೋಡಿದ್ದೆ.

ಮತ್ತೆ ಸೇಡಂಗೆ ಹೋಗಿ ಅದೇ ಮೇದಾರನಿಂದ ಬಿದಿರಿನ ನಾಲ್ಕು ಉದ್ದನೆಯ ಸೀಳು ತಂದೆ. ಆತ ನನ್ನ ಗುರುತು ಹಿಡಿದು, ತಟ್ಟಿ ಒಯ್ಯಲಿಲ್ಲಲ್ಲ ಅವತ್ತು ಅಂತ ಚುಚ್ಚಿದ. ಸೀಳಿದ ಹಲಗೆಗೆ ಅರಳೆ ತುಂಬಿ ಡಾಂಬರು ಬಳಿದು, ಮೇಲೊಂದು ಪಟ್ಟಿ ಹೊಡೆದೆ. ಬಿದಿರು ನೀರಲ್ಲಿ ನೆನೆಹಾಕಿ, ಬಗ್ಗಿಸಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಕಟ್ಟಿದೆ. ಅದರ ಮೇಲೆ ಬಟ್ಟೆ, ಕೆಳಗೆ ಹಗ್ಗದ ಬಿಗಿತ. ಬಗ್ಗಿಸುವಾಗ ಒಂದು ಸೀಳು ಸಿಡಿದು ಗದ್ದಕ್ಕೆ ಬಡಿಯಿತು. ಆ ವಾರ ನಾನು ಸರಿಯಾಗಿ ಉಂಡದ್ದೂ ನೆನಪಿಲ್ಲ, ಮಲಗಿದ್ದೂ ನೆನಪಿಲ್ಲ.

ಭಾನುವಾರ ಸಂಜೆಯಿಂದ ಸೋಮವಾರ ಬೆಳಗಿನ ತನಕ ಮಳೆ ಬಿಡಲಿಲ್ಲ. ಬೆಳಗ್ಗೆ ಮಳೆ ನಿಂತ ಮೇಲೆ ಆಚೆ ದಂಡೆಗೆ ದೋಣಿ ಒಯ್ದೆ. ಗಾಡಿ ಇಳಿದು ಬೀಗತಿ ಮುಂದೆ ಬಂದರು, ಹಿಂದೆ ಸೊಸೆ. ಬೀಗತಿ ಕಮಾನಿನೊಳಗೆ ಬಗ್ಗಿ, ಅಂಗೈಯನ್ನು ತಳದ ಹಲಗೆಗೆ ಒತ್ತಿದರು. ಮೂಲೆಗೂ ಒತ್ತಿದರು. ಪಟ್ಟಿ ಹೊಡೆದ ಕಡೆ ಇನ್ನೊಮ್ಮೆ ಒತ್ತಿದರು. ಕೈ ತಿರುಗಿಸಿ ನೋಡಿಕೊಂಡು, ಸೆರಗಿಗೆ ಒರೆಸಿಕೊಳ್ಳಲು ಹೋಗಿ, ಒರೆಸಲು ಏನೂ ಇಲ್ಲದ್ದರಿಂದ ಕೈ ಇಳಿಸಿದರು.

"ಡಾಂಬರ ಭಾಳ ನಾರ್ತದ ಬೀಗ್ರೆ."

"ನಾರ್ತದರಿ. ಹಸಿ ಇಲ್ಲಲ್ರಿ."

"ಹಸಿ ಇಲ್ಲ ಬಿಡ್ರಿ," ಅಂದು ಮಗಳನ್ನು ಕರೆದರು. "ಬಾ, ಕುಂದ್ರು."

ಸೊಸೆಯ ಮಡಿಲಲ್ಲಿ ಕೂಸು, ತಲೆಗೆ ಕುಂಚಿಗೆ, ಮೈಗೆ ದುಪ್ಪಟಿ, ಅದರ ಮೇಲೆ ಮತ್ತೊಂದು ದುಪ್ಪಟಿ. ಗಾಳಿ ಇದೆ ಅಂತ ಮುಖವನ್ನೂ ಮುಚ್ಚಿದ್ದರು. ನನ್ನ ಎರಡೂ ಕೈಯಲ್ಲಿ ದೋಣಿ ನೂಕುವ ಜಲ್ಲೆ, ಹೊಳೆಯಲ್ಲಿ ಸೆಳೆತ. ಆ ಗಂಟಿನ ಕಡೆ ಒಂದು ಕಣ್ಣು, ನೀರಿನ ಕಡೆ ಒಂದು ಕಣ್ಣು ಇಟ್ಟು ದಾಟಿಸಿದೆ. ದಂಡೆಯಲ್ಲಿ ಹೆಂಡತಿ ಆರತಿ ಹಿಡಿದು ನಿಂತಿದ್ದಳು. ಅವಳು ಗಂಟು ಎತ್ತಿಕೊಂಡು ಹೊರಟೇಬಿಟ್ಟಳು. ನನ್ನ ಹಿಂದೆ ಹದಿನೈದು ಮಂದಿ ದಾಟಲು ಕಾಯುತ್ತಿದ್ದರು. ಹೊದಿಕೆಯ ಸುದ್ದಿ ಕೇಳಿ, ನೆನೆಯದೆ ಹೋಗೋಣ ಅಂತ ಬಂದವರೂ ಅವರಲ್ಲಿ ಇದ್ದರು. ಅವರನ್ನು ಬಿಟ್ಟು ಹೇಗೆ ಹೋಗಲಿ.

ಮನೆ ಸೇರಿದಾಗ ಸಂಜೆ. ಕೂಸು ತೊಟ್ಟಿಲಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ಎಬ್ಬಿಸಬ್ಯಾಡ್ರಿ, ಈಗ ಮಲಗ್ಯಾಳ ಅಂದಳು ಹೆಂಡತಿ. ಎದ್ದ ಮೇಲೆ ನೋಡಿದರಾಯಿತು ಅಂತ ಕಂಬಕ್ಕೆ ಒರಗಿ ಕುಳಿತೆ. ಕುಳಿತದ್ದಷ್ಟೇ ಗೊತ್ತು.

ಆಮೇಲಿನದು ಹೆಂಡತಿ ಹೇಳಿದ್ದು. ಕೂಸು ಎದ್ದು ಅಳಲಿಲ್ಲವಂತೆ. ಈ ಕಡೆ ಹೊರಳಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ನನ್ನನ್ನು ಎಷ್ಟೋ ಹೊತ್ತು ರೆಪ್ಪೆ ಬಡಿಯದೆ ನೋಡಿತಂತೆ. ನಾನು ಅವಳ ಮುಖ ನೋಡಲು ಅಷ್ಟು ತಿರುಗಿದೆ, ಮೊದಲು ನೋಡಿದವಳು ಅವಳೇ. ನನ್ನನ್ನು ಏಕೆ ಎಬ್ಬಿಸಲಿಲ್ಲ ಅಂತ ಕೇಳಿದ್ದಕ್ಕೆ ಹೆಂಡತಿ ಅಂದಳು, "ಆಕಿ ಎಲ್ಲೀಗಿ ಹೋಗ್ತಾಳ್ರಿ ಇನ್ನ? ಇಲ್ಲೇ ಇರ್ತಾಳಲ್ಲ."