ಬಲಕ್ಕೆ ಬಿದ್ದ ಹೂವು

ನಮ್ಮ ಅಕ್ಕ ಸಾವಿತ್ರೆವ್ವನ ರೊಟ್ಟಿ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದ್ದಾಗ ಬೈಲಹೊಂಗಲದ ಅರ್ಧ ಊರು ಅವಳನ್ನು ಹೊಗಳಿತು. ಬಸ್‌ಸ್ಟ್ಯಾಂಡಿನ ಹಿಂದಿರುವ ನಮ್ಮ ಖಾನಾವಳಿಗೆ ಬರುವ ಡ್ರೈವರು, ಕಂಡಕ್ಟರುಗಳು ತಾಟಿನಿಂದಾಚೆ ಚಾಚಿದ ರೊಟ್ಟಿ ನೋಡಿ, "ಒಂದರಾಗ ಹೊಟ್ಟಿ ತುಂಬತೈತ್ರಿ ಅಕ್ಕಾರ" ಎನ್ನುತ್ತಿದ್ದರು. ರೊಟ್ಟಿಯ ಜೊತೆಗೆ ಅಕ್ಕನ ಅಂಗೈಯೂ ದೊಡ್ಡದಾಗುತ್ತಿದೆ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಉಣ್ಣುವವರ ಕಣ್ಣು ತಾಟಿನಲ್ಲಿರುತ್ತದೆ.

ಬಳೆ ಏರದಾಯಿತು. ಕಾಲುಂಗುರ ಕತ್ತರಿಸಿ ತೆಗೆಸಿದೆವು. ಗದ್ದ ಮುಂದೆ ಬಂತು, ದನಿ ದಪ್ಪವಾಯಿತು. ತಲೆನೋವಿಗೆ ಹಣೆಗೆ ಬಟ್ಟೆ ಬಿಗಿದುಕೊಂಡೇ ಅವಳು ಒಲೆಯ ಮುಂದೆ ಕೂರುತ್ತಿದ್ದಳು. "ವಯಸ್ಸಾತಲ್ಲ" ಎಂದ ಅವಳ ಗಂಡ ಕಲ್ಮೇಶ ಮಾಮಾ. ವಯಸ್ಸಾದರೆ ಮನುಷ್ಯರು ಕುಗ್ಗುತ್ತಾರೆ, ಹಿಗ್ಗುವುದಿಲ್ಲ ಎಂದು ಆ ಪುಣ್ಯಾತ್ಮನಿಗೆ ಯಾರು ಹೇಳಬೇಕು!

ಕೊನೆಗೆ ಹಲ್ಲಿನ ಡಾಕ್ಟರೊಬ್ಬರು ಸಂಶಯಪಟ್ಟು ಬೆಳಗಾವಿಗೆ ಕಳಿಸಿದರು. ರೋಗದ ಹೆಸರು ಅಕ್ರೊಮೆಗಲಿ. ಅಕ್ಕನ ದಪ್ಪಗಾದ ನಾಲಿಗೆಗೆ ಅದು ಕಡೆಗೂ ಹೊರಳಲಿಲ್ಲ. ತಲೆಯೊಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆಯಂತೆ. ಅದರಲ್ಲೊಂದು ಗಡ್ಡೆಯಾಗಿ, ಮೈ ಬೆಳೆಸುವ ಹಾರ್ಮೋನನ್ನು ಸುರಿಸುತ್ತಲೇ ಇತ್ತು. ನಾಲ್ಕು ಮಕ್ಕಳನ್ನು ಬೆಳೆಸಿದ ಹೆಂಗಸನ್ನು ಮತ್ತೆ ಬೆಳೆಸುವ ದರ್ದು ಅದಕ್ಕೇನಿತ್ತೋ. ಮೂಗಿನೊಳಗಿಂದ ಆಪರೇಷನ್ ಮಾಡಿದರು. ಒಂದು ಚೂರು ರಕ್ತನಾಳಕ್ಕೆ ಅಂಟಿಕೊಂಡು ಉಳಿಯಿತು. ಇನ್ನು ತಿಂಗಳಿಗೊಂದು ಇಂಜೆಕ್ಷನ್ನೇ ಗತಿ, ಅದಕ್ಕೂ ಬಗ್ಗದಿದ್ದರೆ ಹೃದಯವೂ ದೊಡ್ಡದಾಗುತ್ತ ಹೋಗಿ ಸೋಲುತ್ತದೆ ಎಂದರು.

"ಇಂಜೆಕ್ಷನ್ ನಾಟತೈತೇನ್ರಿ ಸಾಹೇಬ್ರ?" ಎಂದ ಮಾಮಾ.

ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದರು. "ಗಡ್ಡಿ ಇದರಾಗ ಕರ್ರಗ ಕಂಡ್ರ ಔಷಧ ಚಲೋ ನಾಟತೈತ್ರಿ. ಬೆಳ್ಳಗ ಕಂಡ್ರ ಕಮ್ಮಿ. ಇವರದು ನಡುವಿನ ಬೂದಿ ಬಣ್ಣ. ಕೊಟ್ಟ ನೋಡಬೇಕ್ರಿ."

ಅಷ್ಟು ದೊಡ್ಡ ಮಷೀನಿನೊಳಗೆ ಮಲಗಿಸಿ ಬೂದಿ ಬಣ್ಣ ಹುಡುಕಿದರಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಆವತ್ತು ಅವರ ಕಾಲಿಗೆ ಬೀಳುತ್ತಿದ್ದೆವು.

ಬರುವಾಗ ನೇಸರಗಿಯಲ್ಲಿ ಇಳಿದೆವು. ಅದು ನಮ್ಮ ತವರು. ಅಲ್ಲಿ ಲಗ್ನವಿರಲಿ, ಬಾವಿ ತೋಡುವುದಿರಲಿ, ಎಲ್ಲವನ್ನೂ ಬಸವಣ್ಣನಿಗೆ ಹೂವಿಟ್ಟು ಕೇಳುವುದು ರೂಢಿ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಔಷಧ ನಾಟುತ್ತದೋ ಎಂದು ಕೇಳಿ ಪೂಜಾರಿ ಒದ್ದೆ ಹೂವುಗಳನ್ನು ಬಸವಣ್ಣನ ಎರಡೂ ಹೆಗಲಿಗೆ ಅಂಟಿಸಿದ. ಬಹಳ ಹೊತ್ತು ಎರಡೂ ಅಲುಗಲಿಲ್ಲ. ಆಮೇಲೆ ಬಲಗಡೆಯದು ಜಾರಿ ಬಿತ್ತು. ಮಾಮಾ ಗುಡಿಯಲ್ಲೇ ಅತ್ತುಬಿಟ್ಟ.

ಮೂರನೇ ಇಂಜೆಕ್ಷನ್ನಿಗೆ ಅಕ್ಕನ ತಲೆನೋವು ನಿಂತಿತು! ಹಣೆಯ ಬಟ್ಟೆ ಬಿಚ್ಚಿ, ಒಗೆದು, ಒಲೆಕಟ್ಟೆ ಒರೆಸಲು ಇಟ್ಟುಕೊಂಡಳು. ಮಾಮಾ ಬಸವಣ್ಣನ ಗುಡಿಯಲ್ಲಿ ಸಕ್ಕರೆ ಹಂಚಿ ಬಂದ. ನಾನೂ ನಂಬಿದೆ. ಎಷ್ಟೋ ವರ್ಷದ ಮೇಲೆ ಅಕ್ಕ ಹಗುರಾಗಿ ನಗುತ್ತಿದ್ದರೆ ನಂಬದೆ ಇರುವುದಾದರೂ ಹೇಗೆ?

ಆರು ತಿಂಗಳಾದ ಮೇಲೆ ರಕ್ತ ತಪಾಸಣೆಯಾಯಿತು. ಹಾರ್ಮೋನು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

"ನೋವು ಹೋಗಿದ್ದು ಖರೇನ ಐತ್ರಿ," ಎಂದರು ಡಾಕ್ಟರು. "ಈ ಔಷಧಕ್ಕ ತಲಿನೋವು ಇಳಿಸೋ ಗುಣಾ ಬ್ಯಾರೆ ಐತಿ. ರೋಗ ಮಾತ್ರ ಬಗ್ಗಿಲ್ಲ."

"ಹೂ ಬಲಕ್ಕ ಬಿದ್ದಿತ್ತಲ್ರಿ?" ಎಂದ ಮಾಮಾ, ಡಾಕ್ಟರಿಗೇ.

ಅವರು ನಗಲಿಲ್ಲ. "ನಾನೂ ನಾಟತೈತಿ ಅಂತನ ತಿಳಕೊಂಡಿದ್ನಿರಿ. ಇನ್ನೊಂದು ಔಷಧ ಕೂಡಿಸಿ ನೋಡೂಣು. ನಾಟಿದ್ರೂ ನಾಟೀತು, ಇಲ್ಲಂದ್ರ ಇಲ್ಲ."

ಮತ್ತದೇ ಬೂದಿ ಬಣ್ಣ. ಯಾರ ಮೇಲೆ ಹರಿಹಾಯಬೇಕೋ ತಿಳಿಯದೆ ನಾನು ಕಿಟಕಿಗೆ ಮುಖ ಮಾಡಿ ಬಸ್ಸಿನಲ್ಲಿ ಕೂತೆ. ನೇಸರಗಿ ಬಂತು. ಮಾಮಾ ಚೀಲ ಹಿಡಿದು ಎದ್ದ. ಅಕ್ಕ ಏಳಲಿಲ್ಲ. ಆ ದೊಡ್ಡ ಕೈಯಿಂದ ಅವನ ಅಂಗಿಯ ತೋಳು ಹಿಡಿದಳು.

"ಕುಂದರ್ರಿ. ಈ ಸಲ ಕೇಳೂದ ಬ್ಯಾಡ."

"ಯಾಕ?"

"ಗೊತ್ತಿಲ್ಲದವರಿಗೆ ಕೇಳಿ ಕೇಳಿ ಯಾಕ ಸಂಕಟ ಕೊಡತೀರಿ?"

ಮಾಮಾ ಕೂತ. ಅವಳು ಹೇಳಿದ್ದು ಡಾಕ್ಟರ ಬಗ್ಗೆಯೋ ಬಸವಣ್ಣನ ಬಗ್ಗೆಯೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬಂದ ಕಂಡಕ್ಟರ್ ಗುರುತು ಹಿಡಿದ.

"ಅಕ್ಕಾರ, ನಾಳೆ ಖಾನಾವಳಿ ಚಾಲೂ ಐತೇನ್ರಿ? ನಿಮ್ಮ ದೊಡ್ಡ ರೊಟ್ಟಿ ತಿಂದು ಭಾಳ ದಿನಾ ಆತು."

"ಐತಿ ಬಾರಪ್ಪಾ," ಎಂದಳು ಅಕ್ಕ. "ಬರೂ ವರ್ಷ ಇನ್ನೂ ದೊಡ್ಡದ ಆಗತೈತಿ."

ಕಂಡಕ್ಟರ್ ಖುಷಿಯಿಂದ ನಕ್ಕು ಸೀಟಿ ಊದಿದ.