ತಂಗಿಯ ತಲೆಯ ಪರೀಕ್ಷೆ

ಕಮಲಾಪುರದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಅದೇ ದೊಡ್ಡ ಸಂಭ್ರಮವಾಗಿದ್ದ ವರ್ಷಗಳು ಅವು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹನ್ನೊಂದು, ತಂಗಿ ಸವಿತಾಳಿಗೆ ಆರು. ಅಪ್ಪ ನಂದೂರಿನ ಬೇಳೆ ಮಿಲ್ಲಿನಲ್ಲಿ ದುಡಿಯುತ್ತಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಉಳಿದ ದಿನ ಮನೆಯಲ್ಲಿ ಅವ್ವ ಮತ್ತು ನಾವಿಬ್ಬರು.

ಆ ಬೇಸಿಗೆಯಲ್ಲಿ ಸವಿತಾ ನಡುನಡುವೆ ಎಲ್ಲೋ ಹೋಗಿಬಿಡುತ್ತಿದ್ದಳು. ಕೂತಲ್ಲೇ ಇರುತ್ತಿದ್ದಳು, ಕಣ್ಣೂ ತೆರೆದೇ ಇರುತ್ತಿತ್ತು, ನೋಟ ಮಾತ್ರ ಇರುತ್ತಿರಲಿಲ್ಲ. ಕಲ್ಲಾಟದಲ್ಲಿ ಮೇಲೆ ತೂರಿದ ಕಲ್ಲು ಮೊಣಕಾಲಿಗೆ ಬಡಿದು ಕೆಳಗುರುಳಿದರೂ ಅವಳ ಅಂಗೈ ಹಾಗೆಯೇ ಚಾಚಿರುತ್ತಿತ್ತು. ತುಸು ಹೊತ್ತಿನ ಮೇಲೆ, "ಯಾರ ಪಾಳಿ?" ಎಂದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ರೊಟ್ಟಿ, ಪುಂಡಿ ಪಲ್ಯ ಉಣ್ಣುವಾಗ ಬಾಯೊಳಗಿನ ತುತ್ತು ಹಾಗೇ ನಿಂತಿತು. ಅವ್ವ ನೋಡಿದಳು.

"ಯಾವಾಗಿಂದ ಹಿಂಗ ಮಾಡ್ಲಾಕತ್ತಾಳ?" ಎಂದು ನನ್ನನ್ನು ಕೇಳಿದಳು.

"ನಂಗೇನ್ ಗೊತ್ತು," ಅಂದೆ.

ಗೊತ್ತಿತ್ತು. ಹಾಗೆಂದೇ ನಾನು ನಂಬಿದ್ದೆ. ಅದಕ್ಕೂ ಕೆಲವು ತಿಂಗಳ ಹಿಂದೆ, ನನ್ನ ಪಾಲಿನ ಕೆಂಪು ಬಾಳೆಹಣ್ಣನ್ನು ಕಸಿದುಕೊಂಡಳೆಂದು ಅವಳನ್ನು ಕಟ್ಟೆಯ ಮೇಲಿಂದ ದೂಡಿದ್ದೆ. ತಲೆ ಅಂಗಳದ ಫರಸಿಕಲ್ಲಿಗೆ ಬಡಿದಿತ್ತು. ಅಳುವುದಕ್ಕೆ ಮೊದಲು ಅವಳು ಸುಮ್ಮನೆ ನನ್ನನ್ನೇ ನೋಡಿದ್ದಳು. "ಅವ್ವಗ ಹೇಳಿದರ ನಿನ್ನ ಜೋಡಿ ಮಾತೇ ಬಿಡ್ತೀನಿ," ಎಂದು ಹೆದರಿಸಿದ್ದೆ.

ಕಲಬುರಗಿಯ ಡಾಕ್ಟರು ತಲೆಗೆ ವೈರು ಹಚ್ಚಿ ನೋಡಬೇಕೆಂದರು. ಅಕ್ಕ ಬಂದರಷ್ಟೇ ಬರುತ್ತೇನೆಂದು ಸವಿತಾ ಹಟ ಹಿಡಿದಳು. ಪರೀಕ್ಷೆಗೆ ತಲೆಯಲ್ಲಿ ಎಣ್ಣೆಯ ಪಸೆ ಇರಬಾರದೆಂದಿದ್ದರು. ಅವ್ವ ಬೆಳಿಗ್ಗೆ ಎದ್ದು ಸೀಗೆಪುಡಿ ಹಾಕಿ ಎರಡೆರಡು ಸಲ ತಿಕ್ಕಿ ತೊಳೆದಳು. ಬಸ್ಸಿನುದ್ದಕ್ಕೂ ಆ ಒದ್ದೆ ಕೂದಲಿನ ವಾಸನೆಯೇ ನನ್ನ ಮೂಗಿಗೆ ಅಡರುತ್ತಿತ್ತು. ಕಿಟಕಿಯ ಸೀಟು ಸಿಕ್ಕಿದ್ದರೂ ನಾನು ಹೊರಗೆ ನೋಡಲಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ಒಬ್ಬಾತ ಅವಳ ತಲೆಗೆಲ್ಲ ತಣ್ಣನೆಯ ಅಂಟು ಹಚ್ಚಿ ವೈರುಗಳನ್ನು ಕೂಡಿಸಿದ. ಯಂತ್ರದ ಪೆನ್ನುಗಳು ಸರಿಯುವ ಕಾಗದದ ಮೇಲೆ ಕರಕರ ಗೀಚತೊಡಗಿದವು. "ಜೋರಾಗಿ ಊದವ್ವಾ, ದೀಪ ಆರಿಸಿದಂಗ," ಅಂದ. ಸವಿತಾ ಊದಿದಳು, ಊದಿದಳು, ನಡುವೆಯೇ ಊದುವುದನ್ನು ನಿಲ್ಲಿಸಿಬಿಟ್ಟಳು. ಪೆನ್ನುಗಳೆಲ್ಲ ಒಮ್ಮೆಗೇ ಹುಚ್ಚೆದ್ದು ಗೀಚಿದವು. ಅವ್ವ ಕಾಗದದ ಕಡೆ ನೋಡಲಿಲ್ಲ. ಸವಿತಾಳ ಪಾದ ಹಿಡಿದುಕೊಂಡು ನಿಂತಿದ್ದಳು.

ಆಮೇಲೆ ಡಾಕ್ಟರು, "ಎಂದಾರ ತಲಿಗೆ ಪೆಟ್ಟಾಗಿತ್ತೇನು?" ಎಂದು ಕೇಳಿದರು.

"ಇಲ್ಲರಿ," ಅಂದಳು ಅವ್ವ.

"ನೆನಪ ಮಾಡ್ಕೋರಿ. ಎಲ್ಲ್ಯಾರ ಬಿದ್ದಿದ್ಳೇನು?"

ಅವ್ವ ನನ್ನತ್ತ ತಿರುಗಿದಳು. "ನೀ ನೋಡಿದ್ದೇನು?"

ಸವಿತಾ ನನ್ನ ಬೆರಳು ಹಿಡಿದಿದ್ದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳ ಹಿಡಿತ ಬಿಗಿಯಾಯಿತು.

ಮುಂದಿನ ವಾರ ವರದಿ ತರಲು ಅವ್ವ ಸವಿತಾಳನ್ನಷ್ಟೇ ಕರೆದೊಯ್ದಳು. ಗುಳಿಗೆ ಶುರುವಾದವು. ಯಾರೂ ಹೇಳದಿದ್ದರೂ ದಿನಾ ನಾನೇ ಅವನ್ನು ನೀರಿನೊಂದಿಗೆ ಕೊಡುತ್ತಿದ್ದೆ. ಆಟದಲ್ಲಿ ಕಲ್ಲು ಬಿಟ್ಟು ಅವಳ ಕಣ್ಣನ್ನೇ ನೋಡುತ್ತ ಸೋಲುತ್ತಿದ್ದೆ. ಅವಳು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಗುಳಿಗೆ ನಿಂತವು, ಮತ್ತೆ ಅವಳಿಗೆ ಹಾಗಾಗಲಿಲ್ಲ. ನಾನು ಮಾತ್ರ, ಯಾರಾದರೂ ಮಾತಿನ ನಡುವೆ ತುಸು ಸುಮ್ಮನಾದರೆ ಇಂದಿಗೂ ಮೊದಲು ಅವರ ಕಣ್ಣು ನೋಡುತ್ತೇನೆ.

ಅವ್ವ ತೀರಿಕೊಂಡ ವರ್ಷ, ಇನ್ನು ತಡೆಯಲಾರದೆ, ಸವಿತಾಳ ಮುಂದೆ ಎಲ್ಲ ಹೇಳಿಬಿಟ್ಟೆ. ಅವಳು ತನ್ನ ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು.

"ಅವ್ವಗ ಗೊತ್ತಿತ್ತಕ್ಕ," ಅಂದಳು. "ವರದಿ ತರ್ಲಾಕ ಹೋದಾಗ ಬಸ್ಸಿನಾಗ ನಾನೇ ಹೇಳಿದ್ದೆ. ಆಕಿ ಡಾಕ್ಟರಿಗೂ ಹೇಳಿದ್ಳು. ಇದು ಪೆಟ್ಟಿನಿಂದ ಬಂದದ್ದಲ್ಲ ಅಂದ್ರು ಅವರು."

"ಮತ್ತ ನಂಗ್ಯಾಕ ಹೇಳಲಿಲ್ಲ?"

"'ನಾ ಕೇಳಿದರ ಅಂಜ್ತಾಳ, ತಾನಾಗೇ ಬಂದು ಹೇಳಲಿ' ಅಂತ ಅವ್ವ ಕಾಯ್ದಳು. ನಂಗೂ ಸುಮ್ನಿರು ಅಂದಿದ್ಳು. ಆಮ್ಯಾಲ ನೀ ಮರ್ತೀದಿ ಅನ್ಕೊಂಡ್ಳು."

ಆಗ ನನಗೆ ಹೊಸ್ತಿಲ ಮೇಲಿನ ಸಂಜೆಗಳು ನೆನಪಾದವು. ಅವ್ವ ಕೆಲಸ ಬಿಟ್ಟು ಬಂದು ನನ್ನ ಪಕ್ಕ ಕೂರುತ್ತಿದ್ದಳು. ಶಾಲೆಯ ಸುದ್ದಿ ಕೇಳಿ, ಆಮೇಲೆ ಮೆಲ್ಲಗೆ, "ಮತ್ತೇನರ ಹೇಳೂದದೇನು?" ಎನ್ನುತ್ತಿದ್ದಳು. ನಾನು "ಏನಿಲ್ಲ" ಎಂದು ಎದ್ದು ಒಳಗೆ ಹೋಗುತ್ತಿದ್ದೆ. ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿರುತ್ತಿದ್ದಳು.