ಹಿಮವಾಗಿಹೋದ ಧೂಳು

ಭಾನುಪ್ರಿಯ ಆನ್‌ಲೈನಿನಲ್ಲಿ ಸೀರೆ ಮಾರುತ್ತಾಳೆಂದೇ ಚಿನ್ನದ ಗಣಿ ಮುಚ್ಚಿದ ಊರಿಗಾಂನ ಆ ಬೀದಿಯವರೆಲ್ಲ ನಂಬಿದ್ದರು. ಇದನ್ನು ಬರೆಯುತ್ತಿರುವವನೂ ಅವರಲ್ಲಿ ಸೇರಿದ್ದ. ಕಿಟಕಿಯಲ್ಲಿ ಇಣುಕಿದಾಗಲೆಲ್ಲ ಆಕೆ ಲ್ಯಾಪ್‌ಟಾಪಿಗೆ ಏನನ್ನೋ ಎತ್ತಿ ತೋರಿಸುತ್ತ ಇಂಗ್ಲಿಷಿನಲ್ಲಿ ಗೋಗರೆಯುತ್ತಿದ್ದರೆ ಇನ್ನೇನು ತಿಳಿಯಬೇಕು? ಬೀದಿಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷ ಸುಧಾಕರ್ ಅವರಂತೂ, ಹೆಂಡತಿಗೊಂದು ಮೈಸೂರು ಸಿಲ್ಕ್ ತೆಗೆದಿಡುವಂತೆ ಅಪ್ಪಣೆಯನ್ನೇ ಕೊಟ್ಟಿದ್ದರು.

ಆಕೆ ತೋರಿಸುತ್ತಿದ್ದದ್ದು ಚಿತ್ರಗಳನ್ನು. ಪರದೇಶದ ಒಂದು ಆನ್‌ಲೈನ್ ಶಾಲೆಯಲ್ಲಿ, ಪೋಲೆಂಡು, ಬ್ರೆಜಿಲ್ ಕಡೆಯ ಮಕ್ಕಳಿಗೆ ಚಿತ್ರ ಓದಲು ಕಲಿಸುತ್ತಿದ್ದಳು. ಮೊದಲು ಕಂಡದ್ದನ್ನಷ್ಟೇ ಹೇಳಿ, ಅರ್ಥ ಆಮೇಲೆ ಹುಡುಕಿ. ಉತ್ತರವನ್ನು ಮಾತ್ರ ಟೀಚರು ಹೇಳಿಕೊಡಬಾರದು. ಅದು ಅವಳದೇ ನಿಯಮ. ಮಕ್ಕಳು ಕಡಿಮೆಯಾಗುತ್ತ ಬಂದಾಗ, ಒಂದು ಪಾಠ ಕೂತು ನೋಡಿ ಕೋರ್ಸಿನ ಹಣೆಬರಹ ತೀರ್ಮಾನಿಸುತ್ತೇವೆಂದರು ಶಾಲೆಯ ದೊಡ್ಡವರು. ಅದು ಹೋದರೆ ಅವಳಿಗೆ ಉಳಿದಿದ್ದು ಬಂಗಾರಪೇಟೆಯ ಬಟ್ಟೆ ಅಂಗಡಿ.

ಆ ದಿನಕ್ಕೆ ಆರಿಸಿದ್ದು, ತಾಯಿ ಕದಿರಮ್ಮ ಹಿತ್ತಲಲ್ಲಿ ನಿಂತ ಫೋಟೊ. ಹಿಂದೆ ಸೈನೈಡ್ ಗುಡ್ಡ: ಚಿನ್ನ ತೆಗೆದುಕೊಂಡ ಮೇಲೆ ಗಣಿಯವರು ನಮಗೆ ಬಿಟ್ಟುಹೋದ ಬೆಳ್ಳನೆ ಪುಡಿ.

"ಆ ಧೂಳ್ನ ಯಾಕ್ ತೋರಿಸ್ತೀಯೇ? ಒಳ್ಳೆ ಸೀರೆನಾರ ಉಟ್ಟಿದ್ನಾ?"

"ಧೂಳು ಕಾಣ್ಲಿ ಅಂತಾನೇ ಕಣಮ್ಮ."

ಕಾಣಲಿಲ್ಲ. ಮಕ್ಕಳು ಹಿಮ ಎಂದರು. ಸುಡುವ ಬಿಸಿಲಲ್ಲೂ ಮುಚ್ಚಿದ ಕಿಟಕಿ ನೋಡಿ, ಮೂಗಿಗೆ ಒತ್ತಿಕೊಂಡ ಸೆರಗು ನೋಡಿ ಎಂದು ಅಂಗಲಾಚಿದಳು. "ಚಳಿಗೆ" ಎಂದಿತು ಒಂದು ಮಗು. ದೊಡ್ಡವರು "ಸುಂದರ" ಎಂದು ಬರೆದು ಸಾಲಾಗಿ ಹೃದಯಗಳನ್ನು ಕಳಿಸಿದರು. ನಿಯಮ ಹಾಳಾಗಲಿ, ಹೇಳಿಯೇಬಿಡೋಣ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು.

ಆ ವಾರವೇ ಶಾಲೆಯ ವೆಬ್‌ಸೈಟಿನಲ್ಲಿ ಚಳಿಗಾಲದ ರಜೆಯ ಶುಭಾಶಯ ಬಂತು. ಹಿಮಬೆಟ್ಟದ ಮುಂದೆ ಕದಿರಮ್ಮ! ಅದರ ಬೆನ್ನಿಗೇ ಒಂದು ಮೇಲ್: ಕಣ್ಣಿದ್ದವರಿಗೆ ಚಿತ್ರ ನೋಡುವುದನ್ನು ಪ್ರತ್ಯೇಕವಾಗಿ ಕಲಿಸುವ ಅಗತ್ಯ ಕಾಣದ್ದರಿಂದ ಕೋರ್ಸ್ ನಿಲ್ಲಿಸಲಾಗಿದೆ.

"ಚೆನ್ನಾಗೇ ಬಂದಿದೀನಿ ಬಿಡು," ಎಂದು ಕದಿರಮ್ಮ ಕೆಮ್ಮಿದಳು.

ಈಗ ಭಾನುಪ್ರಿಯ ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ನಿಜವಾಗಿಯೇ ಸೀರೆ ಮಾರುತ್ತಾಳೆ. ಮೊನ್ನೆ, ಪಾಠದ ವಿಷಯ ಬೀದಿಗೆಲ್ಲ ತಿಳಿದ ಮೇಲೆ, ಅಧ್ಯಕ್ಷರು ಸಪತ್ನೀಕರಾಗಿ ಅಲ್ಲಿಗೆ ದಯಮಾಡಿಸಿದರು. ಅವಳು ಒಂದೊಂದೇ ಸೀರೆ ಬಿಚ್ಚಿ ಹಾಸುತ್ತಿದ್ದರೆ, ಇಡೀ ಅಂಗಡಿಗೆ ಕೇಳುವಂತೆ ವಿಚಾರಣೆ ಶುರುಮಾಡಿದರು:

"ಅಲ್ಲಮ್ಮ ಭಾನು, ಚಿತ್ರ ನೋಡಕ್ಕೂ ಒಬ್ರು ಟೀಚರ್ ಬೇಕಾ? ಎರಡು ಕಣ್ಣಿದ್ರೆ ಸಾಲ್ದಾ?"

"ಸಾಲ್ತದೆ ಅಂತಾನೇ ನನ್ನ ತೆಗೆದಾಕಿರೋದು, ಸಾರ್."